ಒತ್ತೆಯ ಹಂಡೆ, ಮಾಳಿಗೆಯ ಪುಂಡಿ

ಗೋಡೆಯ ತೂತಿಗೆ ಸೋಪು ತುಂಬುವುದು ಅಂದುಕೊಂಡಷ್ಟು ಸುಲಭವಲ್ಲ. ಒಣ ಸೋಪು ಒಳಗೆ ಕೂರುವುದಿಲ್ಲ. ನೆನೆಸಿದ್ದು ಹೊರಗೆ ಜಾರುತ್ತದೆ. ಎರಡರ ನಡುವೆ ಒಂದು ಹದವಿದೆ. ಅದು ಕೈಗೆ ಸಿಗುವ ಹೊತ್ತಿಗೆ ಸೋಪು ಮುಗಿದಿರುತ್ತದೆ. ಬಾಡಿಗೆ ಮನೆ ಬಿಟ್ಟವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಸ್ವಂತ ಮನೆಯಲ್ಲಿರುವವರು ಸುಮ್ಮನೆ ನಕ್ಕು ಮುಂದೆ ಓದಬಹುದು.

ಮೊನ್ನೆ ಬಳ್ಳಾರಿಯ ಬ್ರೂಸ್‌ಪೇಟೆಯ ನನ್ನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಾನು ಮಾಡುತ್ತಿದ್ದದ್ದು ಇದೇ. ಕುರುಗೋಡಿನ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತ್ತು. ಮರುದಿನ ಬೆಳಿಗ್ಗೆ ಸಾಮಾನು ಹೇರಬೇಕು. ಮನೆಯ ಯಜಮಾನರಾದ ಅರಳೆ ವ್ಯಾಪಾರದ ಶೆಟ್ಟರು ಸಂಜೆ ಗೋಡೆ ನೋಡಲು ಬರುವವರಿದ್ದರು. ಎರಡು ತಿಂಗಳ ಬಾಡಿಗೆಯಷ್ಟು ಡಿಪಾಜಿಟ್ಟು ಅವರ ಹತ್ತಿರ ಇತ್ತು. ನಾನು ಹೊಡೆದ ಮೊಳೆಗಳ ತೂತುಗಳು ನನ್ನ ಹತ್ತಿರ ಇದ್ದವು. ಸಾಮಾನು ಕಟ್ಟಲು ಸಿರಿಗೇರಿಯಿಂದ ಅಕ್ಕ ಬಂದಿದ್ದಳು. ಹೊಸಪೇಟೆಯಿಂದ ರೈಲಿನಲ್ಲಿ ಅವ್ವ ಬಂದಿದ್ದಳು. ಅವ್ವ ಬಂದದ್ದು ನನಗಾಗಿ ಅಲ್ಲ, ಹಂಡೆಗಾಗಿ. ಗಾಡಿಯಲ್ಲಿ ಅದನ್ನು ಯಾವ ಮಗ್ಗುಲಿಗೆ ಇಡುತ್ತೇನೋ ಎಂಬ ಭಯ ಅವಳಿಗೆ.

"ಲೇ, ಗ್ವಾಡಿಗೆ ಸ್ನಾನ ಮಾಡಸಾಕ ಹತ್ತೀಯೇನೋ?" ಎಂದಳು ಅಕ್ಕ.

ಅವ್ವ ಮೂಲೆಯಲ್ಲಿ ಕೂತು ಹುಣಸೆಹಣ್ಣು ಹಚ್ಚಿ ಹಂಡೆ ತಿಕ್ಕುತ್ತಿದ್ದಳು. ತಾಮ್ರ ಒಂದೊಂದೇ ಅಂಗೈ ಅಗಲ ಕೆಂಪಾಗುತ್ತ ಬಂತು. ಹಂಡೆಯ ಹೆಗಲಿನ ಹತ್ತಿರ ಒಂದು ನೆಗ್ಗು ಇದೆ, ಅಲ್ಲಿ ಅವಳ ಕೈ ಒಂದು ಗಳಿಗೆ ನಿಂತಿತು. ಅಷ್ಟೇ. ನಾನು ಸೋಪು ಕೆಳಗಿಟ್ಟು ಸಿರುಗುಪ್ಪಕ್ಕೆ ಹೋಗಿಬಿಟ್ಟೆ.

ಹೋಗಿಬಿಟ್ಟೆ ಅಂದೆ. ಯಾವ ಸಿರುಗುಪ್ಪ ಅನ್ನುವುದು ಬೇರೆ ಪ್ರಶ್ನೆ. ನನ್ನ ತಲೆಯಲ್ಲಿರುವ ಸಿರುಗುಪ್ಪದಲ್ಲಿ ಸದಾ ಬೆಳಗಿನ ಹತ್ತು ಗಂಟೆ, ಎಲ್ಲರ ಮನೆಯಲ್ಲೂ ರೊಟ್ಟಿ ಬಡಿಯುವ ಸಪ್ಪಳ. ಯುದ್ಧ ನಡೆಯುತ್ತಿತ್ತು, ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು ಎಂದು ಈಗ ಎಲ್ಲರೂ ಹೇಳುತ್ತಾರೆ. ಬಸ್ಸು ನೆನಪಿದೆ. ಕೊರತೆ ನೆನಪಿಲ್ಲ. ಹತ್ತು ವರ್ಷದವನ ನೆನಪು ತನಗೆ ಬೇಕಾದ್ದನ್ನು ಮಾತ್ರ ಚೀಲಕ್ಕೆ ಹಾಕಿಕೊಂಡು ಬರುತ್ತದೆ. ಹಾಗಾಗಿ ಮುಂದಿನದನ್ನು ನೀವು ಪೂರ್ತಿ ನಂಬಬೇಡಿ. ನಾನೂ ನಂಬುವುದಿಲ್ಲ. ಆದರೆ ನೆನೆದಾಗಲೆಲ್ಲ ನಗು ಬರುತ್ತದೆ, ಆ ನಗು ಮಾತ್ರ ನಿಜ.

ಅಪ್ಪ ತಾಲ್ಲೂಕು ಕಚೇರಿಯಲ್ಲಿ ನಕಲು ಗುಮಾಸ್ತ. ಕುರುಗೋಡಿನಿಂದ ಸಿರುಗುಪ್ಪಕ್ಕೆ ವರ್ಗವಾಗಿ ಬಂದಾಗ ಕೈಯಲ್ಲಿ ಮುಂಗಡಕ್ಕೆ ದುಡ್ಡಿರಲಿಲ್ಲ. ಮನೆಯೊಡತಿ ಶಂಕ್ರಮ್ಮ ದೇಶನೂರಿನಲ್ಲಿ ನೀರಾವರಿ ಗದ್ದೆ ಇದ್ದ ಹೆಂಗಸು. ಗದ್ದೆಯನ್ನು ಪಾಲಿಗೆ ಕೊಟ್ಟು, ಸುಗ್ಗಿಯಲ್ಲಿ ತಾನೇ ಕಣದಲ್ಲಿ ನಿಂತು ಅರ್ಧ ಅಳೆಸಿಕೊಂಡು ಬರುವವಳು. ಬಿಳಿ ಸೀರೆ, ಹಣೆ ತುಂಬ ವಿಭೂತಿ, ಸೊಂಟದಲ್ಲಿ ಬೀಗದ ಕೈ ಗೊಂಚಲು. ನಮ್ಮ ಸಾಮಾನಿನ ಬಂಡಿಯ ಸುತ್ತ ಒಂದು ಸುತ್ತು ಬಂದು ಹಂಡೆಯ ಮುಂದೆ ನಿಂತಳಂತೆ.

"ರೊಕ್ಕ ಇಲ್ದಿದ್ರ ಇರವಲ್ದು. ಇದು ನನ್ನ ಮನ್ಯಾಗ ಇರ್ಲಿ. ಮನಿ ಬಿಡೂ ದಿನ ಒಯ್ಯಿರಿ" ಎಂದಳು.

ಅವ್ವನ ತವರಿನಿಂದ ಬಂದ ಸಾಮಾನಿನಲ್ಲಿ ಆಗ ಉಳಿದಿದ್ದದ್ದು ಆ ಹಂಡೆಯೊಂದೇ. ಯುದ್ಧದ ಕಾಲದಲ್ಲಿ ಅಂಥ ತಾಮ್ರ ಮತ್ತೆ ಕೊಳ್ಳುವ ಮಾತೂ ಇರಲಿಲ್ಲ. ಅವ್ವ ಹಂಡೆ ಇಳಿಸಿಕೊಟ್ಟಳು. ಆದರೆ ಮುಂದೆ ಎರಡು ವರ್ಷ, ಮಣ್ಣಿನ ಗಡಿಗೆಯಲ್ಲಿ ನೀರು ಕಾಯಿಸಿ ನಮಗೆ ಎರೆಯುವಾಗಲೆಲ್ಲ ಒಂದೇ ಮಾತು: "ಅಲ್ಲಿ ನನ್ನ ಹಂಡೆದಾಗ ಯಾರು ಜಳಕಾ ಮಾಡಾಕ ಹತ್ಯಾರೋ." ಕಣ್ಣಿಗೆ ಸೀಗೆಪುಡಿ ಬಿದ್ದು ನಾವು ಅಳುತ್ತಿದ್ದರೆ, ಹಂಡೆಗಾಗಿ ಅಳುತ್ತಿದ್ದೇವೆಂದು ಅವಳು ಮೆಚ್ಚಿಕೊಳ್ಳುತ್ತಿದ್ದಳು.

ಅಪ್ಪ ಮಾತ್ರ ಕಾಗದದ ಮನುಷ್ಯ. ಮನೆಯೊಳಗೆ ಕಾಲಿಟ್ಟ ದಿನವೇ ಕಚೇರಿ ಅಕ್ಷರದಲ್ಲಿ ಒಂದು ಪಟ್ಟಿ ಮಾಡಿದ. ಮುಂದಿನ ಕೋಣೆ, ಉತ್ತರದ ಗೋಡೆ: ಮೊಳೆ ಏಳು, ಅದರಲ್ಲಿ ಬಾಗಿದವು ಎರಡು. ಅಡಿಗೆಮನೆ: ಬಿರುಕು ಒಂದು, ಹಲ್ಲಿಯಾಕಾರದ್ದು. ಮನೆ ಬಿಡುವಾಗ ಯಾರೂ ಇಲ್ಲದ ರಿಪೇರಿಯನ್ನು ತಲೆಗೆ ಕಟ್ಟಬಾರದು ಎಂದು. ಶಂಕ್ರಮ್ಮ ಕೇಳಿಸಿಕೊಂಡು, "ಹಲ್ಲಿನೂ ಬರಕೊಂಡೀರೇನು ಗುಮಾಸ್ತರ? ಅದೂ ಮನಿದ ಐತಿ, ಒಯ್ದೀರಿ ಮತ್ತ" ಎಂದಳು. ಆಮೇಲೆ ತನ್ನ ಕರಾರು ಹೇಳಿದಳು. ಅದನ್ನು ಬರೆಯಬೇಕಾಗಿರಲಿಲ್ಲ, ಊರಿಗೆಲ್ಲ ಗೊತ್ತಿದ್ದದ್ದು.

"ಮನಿ ಬಿಡೂ ವರ್ಷ ಮಳಿಗಿಂತ ಮೊದಲ ಮಾಳಿಗಿಗೆ ಚೌಳಮಣ್ಣ ಹಾಕಬೇಕು. ಹಾಕಿದ್ರ ಹಂಡೆ ನಿಮ್ದು. ಹಾಕದಿದ್ರ ನಂದು."

ನಮ್ಮ ಕಡೆಯ ಮನೆ ಕಂಡವರಿಗೆ ಹೇಳಬೇಕಾಗಿಲ್ಲ. ಹೆಂಚಿಲ್ಲ, ಹುಲ್ಲಿಲ್ಲ; ತೊಲೆಗಳ ಮೇಲೆ ಮಣ್ಣಿನ ಚಪ್ಪಟೆ ಮಾಳಿಗೆ, ನಡುವೆ ಬೆಳಕಿಗೊಂದು ಕಿಂಡಿ. ಆ ಮಣ್ಣು ಚೌಳು ನೆಲದ್ದಾಗಿರಬೇಕು. ಅದರಲ್ಲಿ ಉಪ್ಪಿರುತ್ತದೆ; ಉಪ್ಪಿದ್ದರೆ ಹುಲ್ಲು ಹುಟ್ಟುವುದಿಲ್ಲ; ಹುಲ್ಲು ಹುಟ್ಟದಿದ್ದರೆ ಬೇರು ಇಳಿಯುವುದಿಲ್ಲ; ಬೇರು ಇಳಿಯದಿದ್ದರೆ ಮಳೆಗಾಲದಲ್ಲಿ ಹಾಸಿಗೆ ಒಣಗಿರುತ್ತದೆ. ಏನೂ ಬೆಳೆಯದಂಥ ಮಣ್ಣನ್ನು ಜನ ಹುಡುಕಿಕೊಂಡು ಹೋಗಿ ಹೇರಿಕೊಂಡು ಬರುವುದು ಬಹುಶಃ ಇದೊಂದಕ್ಕೇ.

ಎರಡು ವರ್ಷದ ಮೇಲೆ ಬಳ್ಳಾರಿಗೆ ವರ್ಗದ ಸುದ್ದಿ ಬಂತು. ಅಪ್ಪ ಬೇಸಿಗೆಯಲ್ಲೇ ಎರಡು ಬಂಡಿ ಮಣ್ಣು ತರಿಸಿದ. ಬಂಡಿಯವನು ಸಿರಿಗೇರಿ ಹಾದಿಯ ಕಡೆಯಿಂದ ತಂದಿದ್ದ. ಚೌಳುಮಣ್ಣೇ ಎಂದು ಆಣೆ ಮಾಡಿದ. ಆಣೆಯನ್ನು ನಂಬುವ ಗುಮಾಸ್ತನಲ್ಲ ನಮ್ಮಪ್ಪ. ಒಂದು ಚಿಟಿಕೆ ತೆಗೆದು ನಾಲಿಗೆಗೆ ಇಟ್ಟುಕೊಂಡ. ಕಣ್ಣು ಮುಚ್ಚಿದ. "ಉಪ್ಪೈತಿ. ಏರಿಸು" ಎಂದ.

ಅಪ್ಪ ಅದಕ್ಕೆ ಸ್ವಲ್ಪ ಮುಂಚೆ ಊಟ ಮುಗಿಸಿ, ಕೊನೆಯಲ್ಲಿ ಮಾವಿನಕಾಯಿ ಉಪ್ಪಿನಕಾಯಿಯ ಹೋಳು ಚೀಪಿಕೊಂಡು ಎದ್ದು ಬಂದಿದ್ದ. ಆ ನಾಲಿಗೆಗೆ ಸಕ್ಕರೆ ಇಟ್ಟಿದ್ದರೂ ಉಪ್ಪೆನ್ನುತ್ತಿತ್ತು.

"ಉಪ್ಪಿನಕಾಯಿ ನೀ ಕಟ್ಟಿದ್ದು" ಎಂದಳು ಅಕ್ಕ ಇಲ್ಲಿ, ಬ್ರೂಸ್‌ಪೇಟೆಯಲ್ಲಿ, ಹಗ್ಗ ಬಿಗಿಯುತ್ತ. "ಅಪ್ಪ ನೆಕ್ಕಿದ್ದು ಖರೆ. ಮುಂಜಾನೆ ನೆಕ್ಕಿದ್ದ."

"ಮುಂಜಾನೆ ನೆಕ್ಕಿದ್ರ ಗೊತ್ತಾಗತಿತ್ತಲ್ಲ?"

"ಅಪ್ಪಗ ಅಡಿಗ್ಯಾಗ ಉಪ್ಪಿಲ್ಲಂದ್ರೂ ಗೊತ್ತಾಗತಿರಲಿಲ್ಲ. ಕೇಳು ಅವ್ವನ."

ಅವ್ವ ತಲೆಯೆತ್ತಲಿಲ್ಲ. "ನನಗ ನೆನಪಿಲ್ಲ. ಹಂಡೆ ಬಂತಲ್ಲ, ಸಾಕು."

ಇರಲಿ. ಮಣ್ಣು ಮಾಳಿಗೆ ಏರಿತು. ವರ್ಗದ ಹುಕುಂ ಮಾತ್ರ ಬರಲಿಲ್ಲ. ಎರಡು ತಿಂಗಳು ಕಳೆದವು. ನಡುವೆ ಮುಂಗಾರು ಕಾಯದೆ ಎರಡು ಒಳ್ಳೆಯ ಮಳೆ ಬಿದ್ದವು. ಕೊನೆಗೆ ಹುಕುಂ ಬಂದಾಗ ಸೋಮವಾರ ಬಳ್ಳಾರಿಯಲ್ಲಿ ಹಾಜರಿರಬೇಕೆಂದಿತ್ತು. ಶನಿವಾರ ಬೆಳಿಗ್ಗೆಗೆ ಬಂಡಿ ಹೇಳಿ ಆಯಿತು. ಶಂಕ್ರಮ್ಮನೂ ಸೋಮವಾರಕ್ಕೆ ಮನೆಯನ್ನು ಹೊಸದಾಗಿ ಬಂದ ಹೆಡ್‌ಮಾಸ್ತರರಿಗೆ ಗೊತ್ತುಮಾಡಿ ಮುಂಗಡ ತೆಗೆದುಕೊಂಡಳು.

ಶುಕ್ರವಾರ ಮಧ್ಯಾಹ್ನ ಅಪ್ಪ ಗಂಟುಮೂಟೆ ಕಟ್ಟಿ ಸೋತು ಅಂಗಾತ ಮಲಗಿದ. ಮೇಲೆ ಬೆಳಕಿಂಡಿ. ಅದರ ಅಂಚಿನಲ್ಲಿ ಕೆಂಪು ದಂಟಿನ ಹಸಿರು ಗಿಡವೊಂದು ತಲೆದೂಗುತ್ತ ಅಪ್ಪನನ್ನೇ ನೋಡುತ್ತಿತ್ತು. ಅಪ್ಪ ಎದ್ದು ಏಣಿ ಹತ್ತಿದ. ಇಳಿದು ಬಂದು ಒಲೆಯ ಹತ್ತಿರ ಕೂತ.

"ಮಾಳಿಗಿ ಮ್ಯಾಲ ಪುಂಡಿಪಲ್ಯ ಬೆಳದೈತಿ."

"ಹೌದು" ಎಂದಳು ಅವ್ವ, ಊದುಗೊಳವೆ ಬಿಡದೆ.

"ನಿನಗ ಗೊತ್ತಿತ್ತೇನು?"

"ನಿನ್ನೆ ರೊಟ್ಟಿಗೆ ಏನ ಹಚ್ಚಿಕೊಂಡು ತಿಂದ್ರಿ?"

ಅಪ್ಪ ಲೆಕ್ಕ ಹಾಕಿದ. ನಿನ್ನೆ ಪುಂಡಿಯ ಹುಳಿಸೊಪ್ಪು. ಮೊನ್ನೆ ಪುಂಡಿ. ಆಚೆಮೊನ್ನೆ ಪುಂಡಿಪಲ್ಯಕ್ಕೆ ನುಚ್ಚು ಹಾಕಿದ್ದು. ಅಗ್ಗಕ್ಕೆ ಸಿಕ್ಕಿರಬೇಕೆಂದು ಅವನು ಸಂತೋಷದಿಂದ ತಿಂದಿದ್ದ. ಬಂಡಿಯವನು ಮಣ್ಣು ಅಗೆದದ್ದು ಚೌಳಿನಲ್ಲಲ್ಲ. ನಾರಿಗೆಂದು ಪುಂಡಿ ಒಣಗಿಸುವ ಯಾರದೋ ಕಣದ ಅಂಚಿನಲ್ಲಿ. ಬೀಜವೆಲ್ಲ ಮಣ್ಣಿನ ಜೊತೆಗೇ ಬಂದಿತ್ತು.

"ಕೀಳಬೇಕಂತನ ಹತ್ತಿದ್ದೆ. ಎಳೇದಿತ್ತು. ಕಿತ್ತು ಒಗಿಯಾಕ ಮನಸು ಬರಲಿಲ್ಲ" ಎಂದಳು ಅವ್ವ. ಆಮೇಲೆ ಊದುಗೊಳವೆ ಕೆಳಗಿಟ್ಟು, ತುಸು ಸಣ್ಣ ದನಿಯಲ್ಲಿ, "ಹಂಡೆ ಕೊಡಂಗಿಲ್ಲ ಅಂತೀರೇನು?" ಎಂದಳು.

ಅಪ್ಪ ಪಟ್ಟಿ ತೆಗೆದು ನೋಡಿದ. ಅದರಲ್ಲಿ ಹಲ್ಲಿಯಾಕಾರದ ಬಿರುಕಿತ್ತು. ಮಾಳಿಗೆಯ ಮೇಲೆ ತೋಟವಾದರೆ ಏನು ಎನ್ನುವುದು ಇರಲಿಲ್ಲ. ಕಿತ್ತು ಹಾಕೋಣವೆಂದರೆ ಹೊತ್ತಿರಲಿಲ್ಲ. ಬಾಗಿಲಲ್ಲಿ ಬೀಗದ ಕೈ ಗೊಂಚಲಿನ ಸಪ್ಪಳ ಕೇಳಿಸಿತು.

ಶಂಕ್ರಮ್ಮ ಮೊದಲು ಮೊಳೆ ಎಣಿಸಿದಳು. ತನ್ನ ಏಳೂ ಇದ್ದವು, ಬಾಗಿದವು ಬಾಗಿಯೇ ಇದ್ದವು. ನೆಲ ನೋಡಿದಳು. "ಸಾರಿಸೀ ಚಂದಾಗಿ" ಎಂದು ಅವ್ವನಿಗೆ ಹೇಳಿದಳು. ಆಮೇಲೆ ಸೀರೆ ಎತ್ತಿ ಕಟ್ಟಿ ಏಣಿಗೆ ಕಾಲಿಟ್ಟಳು. ಹಿಂದೆ ಅವ್ವ, ಅವ್ವನ ಹಿಂದೆ ಅಕ್ಕ. ನನಗೆ ಮಾಳಿಗೆಯ ಮೇಲಿನ ಆ ಹಸಿರು, ನಡುವೆ ಶಂಕ್ರಮ್ಮನ ಬಿಳಿ ಸೀರೆ, ಆಚೆ ಬಿಸಿಲಿನ ಊರು ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ಆದರೆ ನಾನು ಕೆಳಗೆ ಏಣಿ ಹಿಡಿದು ನಿಂತಿದ್ದೆನಂತೆ. ಅಕ್ಕ ಹೇಳಿದ್ದನ್ನು ನಾನು ನನ್ನ ಕಣ್ಣಿಗೆ ಕಟ್ಟಿಕೊಂಡಿದ್ದೇನೆ. ವಾಪಸು ಕೊಡುವ ಯೋಚನೆ ಇಲ್ಲ.

ಶಂಕ್ರಮ್ಮ ಬೆಳಕಿಂಡಿಗೆ ಬಾಯಿ ಹಚ್ಚಿ ಕೂಗಿದಳು. "ಗುಮಾಸ್ತರ! ಮಣ್ಣ ಹಾಕ್ರಿ ಅಂದಿದ್ನಿ. ಬಿತ್ರಿ ಅಂದಿದ್ನೇನು?"

ಒಳಗಿನಿಂದ ಅಪ್ಪನ ದನಿ: "ಉಪ್ಪಗಿತ್ರಿ ಅದು! ನೆಕ್ಕಿ ನೋಡೀನಿ!"

"ಏನ ಮಾಡಿ ನೋಡೀರಿ?"

"ನೆಕ್ಕಿ!"

ಶಂಕ್ರಮ್ಮ ಬೆಳಕಿಂಡಿಯಿಂದ ತಲೆ ಎತ್ತಿದಳು. ಆಮೇಲೆ ಅವ್ವನ ಕಡೆ ತಿರುಗಿದಳು. "ಹಂಡೆ ಮರತಬಿಡವ್ವ. ಬೇರು ಇಳದಾವು. ಇದನ್ನೆಲ್ಲ ಹೆರದು ತಗದು ಖರೇ ಚೌಳಮಣ್ಣ ಹಾಕದಿದ್ರ ಮುಂದಿನ ಮಳಿಗೆ ಮಾಳಿಗಿ ಜರಡಿ ಆಗತೈತಿ. ನಾಳೆ ಮುಂಜಾನಿ ಒಳಗ ಆಗತೈತೇನು?"

ಆಗುವಂತಿರಲಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಶಂಕ್ರಮ್ಮ ಇಳಿಯಲು ಹೊರಟವಳು, ಒಂದು ಗಿಡದ ಮುಂದೆ ತಟಕ್ಕನೆ ಬಗ್ಗಿದಳು. ಇನ್ನೊಂದು ನೋಡಿದಳು, ಮತ್ತೊಂದು ನೋಡಿದಳು. ಹೊಲದವಳ ಕಣ್ಣು.

"ಚಿಗುರು ಚೂಟಿದ್ದು ಯಾರು?"

"ನಾನ" ಎಂದಳು ಅವ್ವ.

"ಎಷ್ಟ ದಿನದಿಂದ?"

"ಹದಿನೈದು ಇಪ್ಪತ್ತು ದಿನಾತ್ರಿ."

"ಇಪ್ಪತ್ತು ದಿನ!" ಶಂಕ್ರಮ್ಮನಿಗೆ ಮಾಳಿಗೆ ಹಾಳಾದದ್ದಕ್ಕಿಂತ ಇದು ಹೆಚ್ಚು ನಾಟಿತು. "ನನ್ನ ಜಾಗಾದಾಗ ಬೆಳದದ್ದು, ನನಗೊಂದು ಹಿಡಿ ಕಳಸಾಕ ಆಗಲಿಲ್ಲೇನು ನಿನಗ? ದೇಶನೂರಾಗ ನನ್ನ ಪಾಲಿನವ್ರು ಬದುವಿನ ಮ್ಯಾಗಳ ಮೆಣಸಿನಕಾಯಿ ಹರದ್ರೂ ಅರ್ಧ ತಂದ ಕೊಡ್ತಾರ!"

ಅವ್ವ ತಲೆಯೆತ್ತಿದಳು. "ಹಂಗಾದ್ರ ಇದು ಪಾಲಿನ ಹೊಲ ಅಂತೀರಿ?"

"ಮತ್ತೇನು? ಹೊಲ ನಂದು, ಬೆಳಸಿದಾಕಿ ನೀನು. ಅರ್ಧ ನಂದು."

"ಉಳಿದ ಅರ್ಧ ನಂದು" ಎಂದಳು ಅವ್ವ.

"ಹೌದು."

"ಆಡಿದ ಮಾತು ತಪ್ಪಂಗಿಲ್ಲಲ್ರಿ?"

"ಶಂಕ್ರಮ್ಮ ಎರಡು ಮಾತಾಡಾಕಿ ಅಲ್ಲ, ಊರಾಗ ಕೇಳು."

ಅವ್ವ ಸೆರಗು ಸುತ್ತಿಕೊಂಡು ಪುಂಡಿ ಗಿಡಗಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟಳು. "ಬೆಳಿ ನಿಂತಾಗ ಪಾಲಿನವ್ರನ್ನ ಹೊಲ ಬಿಡಸೂ ಪದ್ಧತಿ ದೇಶನೂರಾಗ ಐತೇನ್ರಿ?"

"ಇಲ್ಲ" ಎಂದಳು ಶಂಕ್ರಮ್ಮ. ಬಾಯಿಂದ ಬಂದಾಗಿತ್ತು.

"ಹಂಗಾದ್ರ ನಾವು ನಾಳೆ ಹೋಗಂಗಿಲ್ಲ. ಇದು ದೀಪಾವಳಿತನಕ ಚಿಗರತೈತಿ. ಬೀಜ ಕಟ್ಟಿ, ಅಳದು, ನಿಮ್ಮ ಅರ್ಧ ನಿಮಗ ಕೊಟ್ಟು ಹೋಗತೀವಿ."

"ಯವ್ವಾ, ಸೋಮವಾರ ಹೆಡ್‌ಮಾಸ್ತರು ಬರ್ತಾರ!"

"ಬರ್ಲಿ. ಅವರು ಕೆಳಗಿರ್ಲಿ. ನಾವು ಹೊಲದಾಗ ಇರತೀವಿ."

ಆಗ ನನಗೆ, ಏಣಿ ಹಿಡಿದು ನಿಂತವನಿಗೆ, ಒಂದು ಸಪ್ಪಳ ಕೇಳಿಸಿತು. ಇದು ಮಾತ್ರ ನನ್ನದೇ ನೆನಪು, ಅಕ್ಕನದಲ್ಲ. ಬೀಗದ ಕೈಗಳೆಲ್ಲ ಒಟ್ಟಿಗೆ ಕುಣಿದ ಸಪ್ಪಳ. ಯಾರಾದರೂ ಬಿದ್ದರೇ ಎಂದು ಹೆದರಿದೆ. ಶಂಕ್ರಮ್ಮ ನಗುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು ಅವ್ವನ ಪಕ್ಕದಲ್ಲೇ ಕೂತು ನಗುತ್ತಿದ್ದಳು. ಬೆಳಕಿಂಡಿಯಿಂದ ಅಪ್ಪ, "ಏನಾತು? ಏನಾತ್ರಿ?" ಎಂದು ಕೇಳುತ್ತಲೇ ಇದ್ದ, ಯಾರೂ ಅವನಿಗೆ ಹೇಳಲಿಲ್ಲ.

"ನಿನ್ನಂಥ ಪಾಲಿನಾಕಿ ಒಬ್ಬಾಕಿ ದೇಶನೂರಾಗ ಇದ್ದಿದ್ರ ನನಗ ಹೊಲ ಉಳೀತಿದ್ದಿಲ್ಲ ಬಿಡು" ಎಂದಳು ಶಂಕ್ರಮ್ಮ ಕಣ್ಣೊರಸಿಕೊಂಡು. "ಏಳು. ಹಂಡೆ ಕಳಸ್ತೀನಿ. ಬೆಳಿ ನಾ ನೋಡಕೋತೀನಿ. ನಿನ್ನ ಅರ್ಧ ನಿನಗ ಮುಟ್ಟತೈತಿ. ಎರಡು ಬಂಡಿ ಚೌಳಮಣ್ಣಿನ ರೊಕ್ಕ ಕೊಡಸು. ಪುಂಡಿ ಮುಗದ ಮ್ಯಾಲ ನಾನ ಹಾಕಸ್ತೀನಿ." ಮತ್ತೆ ಬೆಳಕಿಂಡಿಗೆ ಬಗ್ಗಿ, "ಗುಮಾಸ್ತರ, ಈ ಸಲ ನೆಕ್ಕೂದು ನಾನು!" ಎಂದಳು.

ಸಂಜೆ ಹಂಡೆ ಬಂತು. ಎರಡು ವರ್ಷದ ಮೇಲೆ ಅಂಗಳದಲ್ಲಿ ಅದು ಕೂತದ್ದು ನೋಡಿ ಅವ್ವ ಮೊದಲು ಮುಟ್ಟಲಿಲ್ಲ, ಸುತ್ತ ಒಮ್ಮೆ ತಿರುಗಿದಳು. ಹೆಗಲಿನ ಹತ್ತಿರ ಈ ನೆಗ್ಗು ಕಂಡಿತು. ಅವ್ವ ನೆಗ್ಗು ನೋಡಿದಳು, ಶಂಕ್ರಮ್ಮನನ್ನು ನೋಡಿದಳು. ಶಂಕ್ರಮ್ಮ ಮಾಳಿಗೆ ನೋಡಿದಳು. ಮನೆ ಬಿಡುವಾಗಿನ ರಿಪೇರಿ ಲೆಕ್ಕ ಅಷ್ಟು ಬೇಗ ಚುಕ್ತಾ ಆದದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಇಷ್ಟು ಚೆನ್ನಾಗಿ ನಡೆದಿರಲು ಸಾಧ್ಯವೇ? ನೋಡಿ, ಇಲ್ಲೇ ನನಗೆ ಅನುಮಾನ. "ನೆಗ್ಗು ಮಾಡಿದ್ದು ನೀನು" ಎಂದಳು ಅಕ್ಕ ಈಗ, ಕೈಯಲ್ಲಿ ಹಗ್ಗ ಹಿಡಿದುಕೊಂಡೇ. "ಬಳ್ಳಾರ್ಯಾಗ ಬಂಡಿಯಿಂದ ಇಳಸೂವಾಗ ಕೆಡವಿದಿ. ದೊಡ್ಡ ಸಪ್ಪಳಾತು. ನೀ ಅತ್ತಿ." ಅವ್ವನನ್ನು ಕೇಳಿದೆ. ಅವ್ವ ಹುಣಸೆಹಣ್ಣಿನ ಕೈಯನ್ನು ನೆಗ್ಗಿನೊಳಗೆ ಆಡಿಸುತ್ತ, "ಯಾರರೆ ಮಾಡಿರ್ಲಿ. ಈಗ ತಂಬಿಗಿ ಆನಿಸಾಕ ಚಲೋ ಐತಿ" ಎಂದಳು. ಆಣೆ ಮಾಡುವ ಸಾಕ್ಷಿಗಳು ಇಬ್ಬರು, ನಾನು ಮತ್ತು ಅಕ್ಕ; ಇಬ್ಬರದೂ ಬೇರೆ ಬೇರೆ ಮಾತು. ಕಂಡವಳು ತಂಬಿಗೆ ಆನಿಸುತ್ತಾಳೆ.

ಅನುಮಾನವೇ ಇಲ್ಲದ ಒಂದು ಸಂಗತಿ ಉಳಿದಿದೆ. ನಾವು ಬಳ್ಳಾರಿಗೆ ಬಂದು ತಿಂಗಳಾಗಿತ್ತು. ಸಿರುಗುಪ್ಪದ ಬತ್ತದ ಬಂಡಿಯವನೊಬ್ಬ ಬಾಗಿಲಿಗೆ ಬಂದು, ಒದ್ದೆ ಗೋಣಿಯಲ್ಲಿ ಸುತ್ತಿದ ಒಂದು ಕಟ್ಟು ಪುಂಡಿಪಲ್ಯ ಇಳಿಸಿದ. "ಶಂಕ್ರಮ್ಮಾರು ಕೊಟ್ಟಾರ. ಪಾಲಂತ" ಎಂದ. ಅವ್ವ ಕಟ್ಟನ್ನು ಕೈಯಲ್ಲಿ ತೂಗಿ ನೋಡಿದಳು. ಮುಖ ಗಂಟಿಕ್ಕಿದಳು. "ಅರ್ಧ ಇಷ್ಟ ಆಗತೈತೇನು? ಕಡಿಮಿ ಐತಿ ಅಂತ ಹೇಳು" ಎಂದು ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದಳು. ಮುಂದಿನ ಸಲ ಎರಡು ಕಟ್ಟು ಬಂತು, ಜೊತೆಗೆ ಮಾತೂ ಬಂತು: "ಇಲಿ ತಿಂದದ್ದು ಲೆಕ್ಕಕ್ಕಿಲ್ಲಂತ ಹೇಳು."

ಮರುವರ್ಷ ಮಳೆಗಾಲದಲ್ಲಿ ಮತ್ತೆ ಬಂತು. ಅದರ ಮರುವರ್ಷವೂ. ಅಪ್ಪನಿಗೆ ತಡೆಯಲಾಗಲಿಲ್ಲ. "ಚೌಳಮಣ್ಣ ಹಾಕಸ್ಲಿಲ್ಲೇನೋ? ರೊಕ್ಕ ಕೊಟ್ಟು ಬಂದೀನಿ" ಎಂದು ಬಂಡಿಯವನನ್ನು ಕೇಳಿದ.

"ಹಾಕಸ್ಯಾರ್ರಿ, ಒಂದು ಮೂಲಿ ಬಿಟ್ಟು. ಹೆಡ್‌ಮಾಸ್ತರು ದಿನಾ ಜಗಳ ಮಾಡ್ತಾರ, ಅವರ ಮೇಜಿನ ಮ್ಯಾಲನ ಸೋರತೈತಿ. ಅಮ್ಮಾರು ಕೇಳಂಗಿಲ್ರಿ. ಅದು ಪಾಲಿನ ಹೊಲ, ಪಾಲಿನಾಕಿ ಬಳ್ಳಾರ್ಯಾಗ ಅದಾಳ, ಆಕೀನ ಕೇಳದ ಹ್ಯಾಂಗ ಮುಟ್ಟಲಿ ಅಂತಾರ."

ಅವ್ವ ಅಂದು ಒಳಗೆ ಹೋಗಿ ಒಲೆಯ ಮುಂದೆ ಒಬ್ಬಳೇ ಬಹಳ ಹೊತ್ತು ನಕ್ಕಳು.

ಮೊನ್ನೆಯ ಸಂಜೆಗೆ ಬರುತ್ತೇನೆ. ಶೆಟ್ಟರು ಬಂದರು. ಗೋಡೆಯ ಮೇಲೆ ಅಂಗೈ ಆಡಿಸಿದರು. ಏನೂ ಕಾಣಲಿಲ್ಲ. ನನಗೆ ಹೆಮ್ಮೆಯಾಯಿತು. ಆದರೆ ಅವರು ಮೂಗು ಅರಳಿಸಿದರು. ಗೋಡೆಗೆ ಇನ್ನೂ ಹತ್ತಿರ ಹೋಗಿ ಮೂಸಿದರು. "ಇದೇಮಿ ಸ್ವಾಮಿ, ಗೋಡೆಗೆ ಚಂದನದ ವಾಸನ?" ಎಂದರು. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದಳು. ನಾನು ಎಲ್ಲ ತೂತುಗಳನ್ನೂ ಒಪ್ಪಿಕೊಂಡೆ. ಶೆಟ್ಟರು ಸುಣ್ಣದ ಖರ್ಚು ಹಿಡಿದುಕೊಂಡು ಉಳಿದದ್ದು ಎಣಿಸಿ ಕೊಟ್ಟರು. ಹೋಗುವಾಗ ಮತ್ತೊಮ್ಮೆ ಗೋಡೆ ಮೂಸಿ, "ವಾಸನ ಬಾಗುಂದಿ" ಎಂದು ತೆಲುಗಿನಲ್ಲೇ ಮೆಚ್ಚಿ ಹೋದರು.

ಬೆಳಿಗ್ಗೆ ಗಾಡಿಗೆ ಹಂಡೆಯನ್ನು ಅವ್ವನೇ ನಿಂತು ಏರಿಸಿದಳು, ನೆಗ್ಗು ಮೇಲೆ ಬರುವಂತೆ. ಅದರೊಳಗೆ ಸಣ್ಣ ಬಟ್ಟೆಯ ಗಂಟೊಂದನ್ನು ಇಟ್ಟಳು. ಬಿಚ್ಚಿ ನೋಡಿದರೆ ಪುಂಡಿ ಬೀಜ. ಕಳೆದ ವರ್ಷದ ಪಾಲಿನ ಜೊತೆ ಶಂಕ್ರಮ್ಮ ಕಳಿಸಿದ್ದು. ಕುರುಗೋಡಿನ ಬಾಡಿಗೆ ಎಷ್ಟು, ಯಜಮಾನ ಎಂಥವನು, ನೀರು ಎಲ್ಲಿಂದ ತರಬೇಕು, ಇದಾವುದನ್ನೂ ಅವ್ವ ಕೇಳಿರಲಿಲ್ಲ. ಗಾಡಿ ಹೊರಡುವಾಗ ಎತ್ತಿನ ಪಕ್ಕ ನಾಲ್ಕು ಹೆಜ್ಜೆ ನಡೆದು ಬಂದು ಕೇಳಿದಳು.

"ಮಾಳಿಗಿ ಮನೀನ ಹೌದಲ್ಲೋ?"